ಮನೆಭೇಟಿ, ಶಿಡ್ಲಘಟ್ಟ

ಫಯಾಜ್ ಸಾಬರ ಫಿಲೇಚರಿನ ಹಿಂದಿನ ಓಣಿ.
ಬಾಗಿಲಿಗೆ ಮೊದಲು ಬರುವುದು ಬೆಂದ ಹುಳದ ವಾಸನೆ,
ಆಮೇಲೆ ಅಕ್ಕಯಮ್ಮ.
“ಒಳಗೆ ಬಾರಮ್ಮ, ಮೂಗು ಮುಚ್ಚಿಕೊಂಡರೂ ಬೇಜಾರಿಲ್ಲ.
ನಮಗೆ ಇದು ಅನ್ನದ ವಾಸನೆ.”

ಮೂಗು ಮುಚ್ಚಲಿಲ್ಲ. ಫೈಲು ಬಿಚ್ಚಿದೆ.
ಚಿಕ್ಕಬಳ್ಳಾಪುರದ ಕಚೇರಿಯಿಂದ ಬೆಳಿಗ್ಗೆ ಬಸ್ಸು ಹತ್ತಿದವಳು ನಾನು,
ಗುತ್ತಿಗೆ ನೌಕರಿ, ಮೂರು ತಿಂಗಳಿಗೊಮ್ಮೆ ಸಂಬಳ,
ಕೈಯಲ್ಲಿ ಇನ್ನೊಬ್ಬರ ಬಡತನ ಅಳೆಯುವ ನಾಲ್ಕು ಪುಟ.

ಮಗು ಪ್ರಣತಿ, ಮೂರನೇ ಕ್ಲಾಸು.
ತಾಯಿ ಇಲ್ಲ. ಕಾಮಾಲೆ, ಎರಡು ವರ್ಷದ ಹಿಂದೆ.
ತಂದೆ ಎಂಬಲ್ಲಿ ಪೆನ್ನು ನಿಂತಿತು.
“ಹೊಸೂರಲ್ಲಿದ್ದಾನಂತೆ. ಇನ್ನೊಂದು ಮದುವೆ, ಇನ್ನೊಂದು ಮಗು.
ಸತ್ತಿದ್ದರೆ ಮುನಿಸಿಪಾಲಿಟಿಯಲ್ಲಿ ಒಂದು ಚೀಟಿ ಕೊಡುತ್ತಿದ್ದರು.
ಬದುಕಿದ್ದೂ ಬಾರದವನಿಗೆ
ಯಾವ ಆಫೀಸಲ್ಲಿ ಸರ್ಟಿಫಿಕೇಟು, ನೀನೇ ಹೇಳು.”
ನನಗೆ ಗೊತ್ತಿರಲಿಲ್ಲ. ಒಂದು ಗೆರೆ ಎಳೆದೆ.

ವಯಸ್ಸು?
“ಅರವತ್ತೆರಡೋ, ಅರವತ್ತಾರೋ. ಇವಳು ಎಸ್ಸೆಸ್ಸೆಲ್ಸಿ ಮುಗಿಸುವಷ್ಟು
ಇನ್ನೂ ಉಳಿದಿದೆ ಅಂತ ಬರಿ.”

ಹೆಬ್ಬೆರಳು ಒತ್ತಿದಳು. ಕೆಂಪು ದೀಪ.
ಮೂವತ್ತು ವರ್ಷ ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳು,
ತನ್ನ ಗೆರೆಗಳನ್ನೂ ಯಾರ ಸೀರೆಗೋ ನೂಲು ಮಾಡಿ ಕೊಟ್ಟಿದೆ.
ಮತ್ತೆ ಕೆಂಪು. ಮತ್ತೆ.
ಪ್ರಣತಿ ಎದ್ದಳು, ಅಜ್ಜಿಯ ಕೈ ಹಿಡಿದು
ತನ್ನ ಎಣ್ಣೆಗೂದಲಿಗೆ ತಿಕ್ಕಿಸಿದಳು.
“ಎಡಗೈ ಉಂಗುರದ ಬೆರಳು ಇಡಿಸಿ ಮಿಸ್,
ರೇಷನ್ ಅಂಗಡೀಲಿ ಅದೊಂದೇ ಓದೋದು.”
ಹಸಿರು.

ಕಿಟಕಿಯಾಚೆ ಪಕ್ಕದ ಮನೆಯ ಪಾಪಮ್ಮ:
“ಸ್ವಂತ ಮೊಮ್ಮಗಳನ್ನ ಸಾಕೋಕೂ ಸರ್ಕಾರದ ಕೂಲಿ ಬೇಕಾ ಅಕ್ಕಯ್ಯ?”
ಅಕ್ಕಯಮ್ಮ ತೆಲುಗಿನಲ್ಲಿ ಏನೋ ಅಂದಳು, ಬರೆಯುವಂಥದ್ದಲ್ಲ.
ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ:
“ಪ್ರೀತಿ ಹೆಪ್ಪು ಕಣಮ್ಮ. ನನ್ನ ಹತ್ತಿರ ಬೇಕಾದಷ್ಟಿದೆ,
ಓಣಿಗೆಲ್ಲ ಕಡ ಕೊಡುವಷ್ಟು.
ಹಾಲಿಗೆ ಮಾತ್ರ ದುಡ್ಡು ಬೇಕು.
ಬರೀ ಹೆಪ್ಪು ಇಟ್ಟುಕೊಂಡು ಯಾವ ಮಡಕೆಯಲ್ಲಿ ಮೊಸರು ಮಾಡಲಿ?
ನಾನು ಒಲ್ಲೆ ಅಂದಿದ್ದರೆ ಬಾಲಮಂದಿರದಲ್ಲಿ ಇವಳಿಗೆ
ಹಾಸಿಗೆ, ಊಟ, ಕಾಯೋಕೊಬ್ಬಳು ಆಯಾ,
ಎಲ್ಲಕ್ಕೂ ಲೆಕ್ಕ ಹಾಕುತ್ತಿದ್ದಿರಿ ತಾನೆ?
ಅದರಲ್ಲಿ ಅರ್ಧ ಈ ಓಣಿಗೆ ಕಳಿಸಿ.
ಕಾಯೋದು ಪುಕ್ಕಟೆ.”

ಕೊನೆಯ ಪುಟದಲ್ಲಿ ಮಗುವಿನ ಮಾತು, ಮಗುವಿನದೇ ಕೈಬರಹದಲ್ಲಿ.
ಸಾಮಾನ್ಯವಾಗಿ ನಾವೇ ಬರೆದುಬಿಡುತ್ತೇವೆ,
ಬಸ್ಸಿಗೆ ಹೊತ್ತಾಗಿರುತ್ತದೆ.
ಪ್ರಣತಿ ಪೆನ್ನು ಕಸಿದುಕೊಂಡು,
ನಾಲಿಗೆ ತುದಿ ಕಚ್ಚಿ, ಒತ್ತಿ ಒತ್ತಿ ಬರೆದಳು:
ಅಜ್ಜಿಗೆ ಕನ್ನಡ್ಕ ಬೇಕು.
“ಏ, ನಿನಗೇನು ಬೇಕು ಅಂತ ಬರಿಯೇ.”
“ಅದೇ ಬರ್ದಿದ್ದೀನಿ.”

ಓದು ಬಾರದ ಅಕ್ಕಯಮ್ಮ ದಿನಾ ರಾತ್ರಿ ಹೋಂವರ್ಕ್ ನೋಡುತ್ತಾಳಂತೆ.
ಸಾಲು ಸೊಟ್ಟಗಾದರೆ, ತುಂಡಾದ ಎಳೆ ಹಿಡಿದ ಹಾಗೆ,
ಅಲ್ಲೇ ಬೆರಳಿಟ್ಟು ಅಳಿಸಿ ಬರೆಸುತ್ತಾಳಂತೆ.
ಈಗೀಗ ಸೊಟ್ಟ ಕಾಣುತ್ತಿಲ್ಲ.
ನಂದಿನಿ ಪ್ಯಾಕೆಟ್ಟಿನ ಮೇಲಿನ ತಾರೀಖೂ ಅಷ್ಟೆ.

ಅಜ್ಜಿಗೆ ನಮ್ಮ ಫಾರಮ್ಮಿನಲ್ಲಿ ಜಾಗವಿಲ್ಲ.
ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ, ಮಂಡಿಯ ಮೇಲೆ ಫೈಲು ಇಟ್ಟು
‘ಮಗುವಿನ ಶೈಕ್ಷಣಿಕ ಅಗತ್ಯ’ ಎಂಬಲ್ಲಿ ಬರೆದೆ:
ನೋಟ್ ಬುಕ್ಕು ಆರು, ಚಪ್ಪಲಿ, ಕನ್ನಡಕ ಒಂದು.
ಯಾರ ಕಣ್ಣಿಗೆ ಎಂದು ಮೇಲಿನವರು ಕೇಳಿದರೆ
ಏನನ್ನಲಿ ಎಂದು, ಚಿಂತಾಮಣಿ ಬಸ್ಸು ಹೊರಡುವ ತನಕ ಯೋಚಿಸಿದೆ.
ಆಮೇಲೆ ನಮ್ಮ ಬಸ್ಸು ಬಂತು. ಸೀಟು ಸಿಗಲಿಲ್ಲ.
ಕಂಬಿ ಹಿಡಿದ ಕೈಯಲ್ಲಿ
ಇನ್ನೂ ಅದೇ ವಾಸನೆ.